ಸಾವಿರದ ಕಾರ್ಡಿಗೆ ಒಂದು ಶಾಲು

ನೂರು ದಿನ ಓಡಿದ ಪಿಕ್ಚರಿಗೆ ಸಮಾರಂಭ ಇದೆ. ನೂರು ರನ್ ಹೊಡೆದವನಿಗೆ ಪಟಾಕಿ ಇದೆ. ಅಪಘಾತವಿಲ್ಲದೆ ವರ್ಷಗಟ್ಟಲೆ ಬಸ್ಸು ಓಡಿಸಿದ ಡ್ರೈವರಿಗೆ ಪದಕ ಇದೆ. ಆದರೆ ರೇಡಿಯೋ ಸ್ಟೇಷನ್ನಿಗೆ ಸಾವಿರ ಕಾರ್ಡು ಬರೆದು ಹಾಕಿದ ಕೇಳುಗನಿಗೆ ಬಳಗದವರು ಶಾಲು ಹೊದಿಸುತ್ತಾರೆ ಅಂದರೆ ಸಾಕು, ಜನ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಾರೆ. "ಅದೂ ಒಂದು ಸಾಧನೇನೇನ್ರೀ? ಕೆಲಸ ಇಲ್ಲದೋರ ಕಸುಬು" ಅನ್ನುತ್ತಾರೆ.

ನಗುವವರು ನಗಲಿ. ಅಂಗಡಿ ನಡೆಸುವವರಿಗಾದರೂ ಲೆಕ್ಕ ಗೊತ್ತು, ಅವರು ಒಂದು ನಿಮಿಷ ಲೆಕ್ಕ ಹಾಕಿ ನೋಡಲಿ. ವಾರಕ್ಕೊಂದು ಕಾರ್ಡು ಅಂದರೆ ವರ್ಷಕ್ಕೆ 52. ಸಾವಿರ ಮುಟ್ಟಬೇಕಾದರೆ 19 ವರ್ಷ ದಾಟಬೇಕು. ವಾರಕ್ಕೆ ಎರಡು ಹಾಕಿದರೂ ಒಂಬತ್ತೂವರೆ ವರ್ಷದ ಮೇಲೆ. ಕಾರ್ಡಿಗೆ 15 ಪೈಸೆ ಇದ್ದ ಕಾಲದ ಲೆಕ್ಕದಲ್ಲಿ ಸಾವಿರಕ್ಕೆ 150 ರೂಪಾಯಿ. 50 ಪೈಸೆ ಲೆಕ್ಕದಲ್ಲಿ 500 ರೂಪಾಯಿ. ದುಡ್ಡು ದೊಡ್ಡದಲ್ಲ. ಹತ್ತಿಪ್ಪತ್ತು ವರ್ಷ ಒಂದೇ ಕೆಲಸವನ್ನು ಸಂಬಳವಿಲ್ಲದೆ, ಯಾರ ಒತ್ತಾಯವೂ ಇಲ್ಲದೆ, ಉತ್ತರ ಬಂದೀತೆಂಬ ಖಾತರಿಯೂ ಇಲ್ಲದೆ ಮಾಡಿಕೊಂಡು ಬರುವುದಿದೆಯಲ್ಲ, ಅದು ದೊಡ್ಡದು. ಬೆಳಿಗ್ಗೆ ಎದ್ದು ವಾಕಿಂಗ್ ಹೋಗುತ್ತೇನೆಂದು ಶಪಥ ಮಾಡಿದವರು ಎಷ್ಟು ದಿನ ಹೋದರು ಅಂತ ಅವರವರ ಮನೆಯವರನ್ನೇ ಕೇಳಿ.

ಒಂದು ಕಾರ್ಡಿನ ಪ್ರಯಾಣ

ಈಗಿನ ಹುಡುಗರಿಗೆ ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಒಂದು ಕಾಲದಲ್ಲಿ ಮನೆಯಲ್ಲಿ ರೇಡಿಯೋ ಇಟ್ಟುಕೊಳ್ಳಬೇಕಾದರೆ ಲೈಸೆನ್ಸ್ ಬೇಕಿತ್ತು. ಪೋಸ್ಟಾಫೀಸಿಗೆ ಹೋಗಿ ವರ್ಷಾವರ್ಷ ಫೀಸು ಕಟ್ಟಿ ಪುಸ್ತಕದಲ್ಲಿ ಮುದ್ರೆ ಒತ್ತಿಸಿಕೊಂಡು ಬರಬೇಕಿತ್ತು. ಈ ಪದ್ಧತಿ ಹೋದದ್ದು 1980ರ ದಶಕದಲ್ಲಿ. ಹಾಗೆ ಫೀಸು ಕಟ್ಟಲು ಹೋದ ಪೋಸ್ಟಾಫೀಸಿನಲ್ಲೇ ಹತ್ತು ಕಾರ್ಡು ಕೊಂಡುಕೊಂಡು ಬರುವುದು ಹಾಡಿನ ಹುಚ್ಚಿನವರ ರೂಢಿ.

ಕಾರ್ಡಿನಲ್ಲಿ ಬರೆಯುವುದು ಮೂರೇ ಸಂಗತಿ. ಯಾವ ಹಾಡು, ಯಾವ ಚಿತ್ರ, ಕೇಳುವವರು ಯಾರು. ಮೊದಲೆರಡಕ್ಕೆ ಎರಡು ಸಾಲು ಸಾಕು. ಉಳಿದ ಜಾಗವೆಲ್ಲ ಹೆಸರಿಗೆ. ಗಂಡ, ಹೆಂಡತಿ, ಮಕ್ಕಳು, ಅತ್ತೆ ಮಾವ, ಪಕ್ಕದ ಮನೆಯವರು, ಹೊಸದಾಗಿ ಹುಟ್ಟಿದ ಕೂಸು, ಕೊನೆಗೆ "ಹಾಗೂ ಗೆಳೆಯರ ಬಳಗ". ಅಂಗಡಿ ಇದ್ದವರು ಹೆಸರಿನ ಜೊತೆ ಅಂಗಡಿಯ ಹೆಸರನ್ನೂ ಜೋಡಿಸಿಬಿಡುತ್ತಿದ್ದರು. ಓದಿದರೆ ಪುಕ್ಕಟೆ ಜಾಹೀರಾತು, ಓದದಿದ್ದರೆ ಹೋದದ್ದು ಹದಿನೈದು ಪೈಸೆ.

ಕಾರ್ಡು ಡಬ್ಬಕ್ಕೆ ಬಿದ್ದ ಮೇಲೆ ಕಾಯುವುದು. ಸ್ಟೇಷನ್ನಿನಲ್ಲಿ ಕಾರ್ಡುಗಳನ್ನು ಹಾಡಿನ ಪ್ರಕಾರ ವಿಂಗಡಿಸಬೇಕು, ಒಂದೇ ಹಾಡು ಕೇಳಿದವರನ್ನೆಲ್ಲ ಒಟ್ಟು ಮಾಡಬೇಕು, ಆ ರೆಕಾರ್ಡು ಲೈಬ್ರರಿಯಲ್ಲಿ ಇರಬೇಕು, ಇದ್ದರೂ ಸಮಯ ಸಿಗಬೇಕು. ಇಷ್ಟೆಲ್ಲ ಕೂಡಿ ಬಂದ ದಿನ ಅನೌನ್ಸರ್ ಒಂದೇ ಉಸಿರಿನಲ್ಲಿ ಇಪ್ಪತ್ತು ಹೆಸರು ಓದುತ್ತಾರೆ. ಅದರಲ್ಲಿ ನಮ್ಮದು ಮೂರು ಸೆಕೆಂಡು. ಆ ಮೂರು ಸೆಕೆಂಡಿಗೆ ಮನೆಯಲ್ಲಿ ಯಾರೂ ಕೆಮ್ಮುವ ಹಾಗಿಲ್ಲ, ಪಾತ್ರೆ ಸದ್ದು ಮಾಡುವ ಹಾಗಿಲ್ಲ.

ಮಾರನೇ ದಿನ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೇ ಶುರು. "ಏನ್ ಸಾವ್ಕಾರ್ರೇ, ರಾತ್ರಿ ನಿಮ್ಮ ಹೆಸರು ಬಂತಲ್ಲ ರೇಡಿಯೋದಾಗೆ!" "ಹೌದಪ್ಪಾ, ಹೆಸರು ಬಂತು. ನೀನು ಹಳೇ ಬಾಕಿ ತಂದಿದ್ದರೆ ಇನ್ನೂ ಚೆನ್ನಾಗಿರ್ತಿತ್ತು." ಮಾತು ಹೀಗೆ ಹಾರಿಸಿದರೂ ಸಾವ್ಕಾರರ ಮುಖ ಮಾತ್ರ ದಿನವೆಲ್ಲ ಅರಳಿಯೇ ಇರುತ್ತಿತ್ತು.

ಬಾಗಿಲು ಹಾಕಿದ ಮಂತ್ರಿ, ಬಾಗಿಲು ತೆಗೆದ ಸಿಲೋನು

ಈ ಕಾರ್ಡಿನ ಹುಚ್ಚಿಗೆ ಒಂದು ಹುಟ್ಟು ಇದೆ. 1952ರಲ್ಲಿ ಕೇಂದ್ರದಲ್ಲಿ ವಾರ್ತಾ ಮತ್ತು ಪ್ರಸಾರ ಮಂತ್ರಿಯಾದವರು ಬಿ.ವಿ. ಕೇಸ್ಕರ್. ಶಾಸ್ತ್ರೀಯ ಸಂಗೀತದ ಮೇಲೆ ಅವರಿಗೆ ಭಕ್ತಿ. ಸಿನಿಮಾ ಹಾಡು ಕಂಡರೆ ಆಗುತ್ತಿರಲಿಲ್ಲ. ಆಕಾಶವಾಣಿಯಲ್ಲಿ ಸಿನಿಮಾ ಹಾಡಿಗೆ ಕತ್ತರಿ ಬಿತ್ತು. ಜನ ಸುಮ್ಮನಿದ್ದರೇ? ರೇಡಿಯೋದ ಮುಳ್ಳು ತಿರುಗಿಸಿದರು. ಮುಳ್ಳು ಹೋಗಿ ನಿಂತದ್ದು ಸಮುದ್ರದಾಚೆಯ ರೇಡಿಯೋ ಸಿಲೋನಿನಲ್ಲಿ.

1952ರ ಡಿಸೆಂಬರ್ 3ರಂದು ಅಲ್ಲಿ ಶುರುವಾಯಿತು 'ಬಿನಾಕಾ ಗೀತಮಾಲಾ'. ಖರ್ಚು ಹಲ್ಲುಜ್ಜುವ ಪೇಸ್ಟಿನ ಕಂಪನಿಯದು. ಮಾತು ಹತ್ತೊಂಬತ್ತು ವರ್ಷದ ಹುಡುಗ ಅಮೀನ್ ಸಯಾನಿಯದು. ಬುಧವಾರ ರಾತ್ರಿ ಎಂಟು ಗಂಟೆ ಅಂದರೆ ಬೀದಿ ಬೀದಿಯೇ ರೇಡಿಯೋ ಮುಂದೆ. ಶುರುವಿನಲ್ಲಿ ಅದು ಏಳು ಹಾಡಿನ ಸ್ಪರ್ಧೆ. ಹಾಡುಗಳನ್ನು ಸರಿಯಾದ ಕ್ರಮದಲ್ಲಿ ಜೋಡಿಸಿ ಬರೆದು ಕಳಿಸಿದರೆ ನೂರು ರೂಪಾಯಿ ಬಹುಮಾನ. ಮೊದಲ ಕಾರ್ಯಕ್ರಮಕ್ಕೇ ಒಂಬತ್ತು ಸಾವಿರ ಪತ್ರ ಬಂತು. ಒಂದು ವರ್ಷ ತುಂಬುವ ಹೊತ್ತಿಗೆ ವಾರಕ್ಕೆ 65 ಸಾವಿರ ಮುಟ್ಟಿತು. ಮೂಟೆಗಟ್ಟಲೆ ಪತ್ರ ಬಿಡಿಸಿ ನೋಡಲು ಸಾಧ್ಯವಾಗದೆ ಸ್ಪರ್ಧೆಯನ್ನೇ ಕೈಬಿಟ್ಟು, ಜನಪ್ರಿಯತೆಯ ಪ್ರಕಾರ ಹಾಡಿಗೆ ಮೆಟ್ಟಿಲು ಕೊಡುವ ಪದ್ಧತಿ ತಂದರು.

ಆ ಮೆಟ್ಟಿಲು ಯಾರು ನಿರ್ಧರಿಸಬೇಕು? ಒಂದು ಕಡೆ ಅಂಗಡಿಗಳಲ್ಲಿ ರೆಕಾರ್ಡು ಎಷ್ಟು ಮಾರಾಟವಾಯಿತು ಎಂಬ ಲೆಕ್ಕ. ಇನ್ನೊಂದು ಕಡೆ ಊರೂರಿನ ಕೇಳುಗರ ಸಂಘಗಳು ಕಳಿಸಿದ ಪಟ್ಟಿ. ಇಲ್ಲೇ ಇರುವುದು ನೋಡಿ ಗುಟ್ಟು. ಸಂಘ ಕಟ್ಟಿಕೊಂಡು ಕಾರ್ಡು ಹಾಕುವವನು ಬರೀ ಹಾಡು ಕೇಳುವ ಗಿರಾಕಿಯಲ್ಲ, ಓಟು ಇರುವ ಆಸಾಮಿ ಆಗಿಬಿಟ್ಟ.

ದಿಲ್ಲಿಗೂ ಬಿಸಿ ತಟ್ಟಿತು. 1957ರ ಅಕ್ಟೋಬರ್ 3ರಂದು ಆಕಾಶವಾಣಿಯೇ 'ವಿವಿಧ ಭಾರತಿ' ಶುರು ಮಾಡಿ ಸಿನಿಮಾ ಹಾಡನ್ನು ಮನೆಗೆ ಕರೆದುಕೊಂಡಿತು. ಮಂತ್ರಿ ಹಾಕಿದ ಬಾಗಿಲನ್ನು ತೆಗೆಸಿದವರು ಯಾವ ಪಾರ್ಟಿಯವರೂ ಅಲ್ಲ, ಮುಳ್ಳು ತಿರುಗಿಸಿದವರು, ಕಾರ್ಡು ಬರೆದವರು.

ಕಾಗೆಬಂಗಾರದ ಊರು

ಕಾರ್ಡಿನ ವಿಚಾರ ಬಂದರೆ ಒಂದು ಊರಿಗೆ ಕೈಮುಗಿಯದೆ ಮುಂದೆ ಹೋಗುವಂತಿಲ್ಲ. ಅದು ಝುಮ್ರಿ ತಲೈಯಾ. ಹಿಂದಿ ಹಾಡಿನ ಕೋರಿಕೆ ಕೇಳಿದ ಹಳಬರಿಗೆ ಈ ಹೆಸರು ಬಾಯಿಪಾಠ. ದಿನ ಬೆಳಗಾದರೆ "ಝುಮ್ರಿ ತಲೈಯಾದಿಂದ" ಅಂತ ಕೇಳಿ ಕೇಳಿ, ಇಂಥ ಊರು ನಿಜವಾಗಿ ಇಲ್ಲವೇ ಇಲ್ಲ, ಅನೌನ್ಸರುಗಳು ತಮಾಷೆಗೆ ಹುಟ್ಟಿಸಿಕೊಂಡ ಹೆಸರು ಅಂತ ನಂಬಿದವರು ದೇಶದ ತುಂಬ ಇದ್ದರು.

ಊರು ಇದೆ ಸ್ವಾಮಿ. ಆಗ ಬಿಹಾರ, 2000ದಿಂದ ಝಾರ್ಖಂಡ್, ಕೊಡರ್ಮಾ ಜಿಲ್ಲೆ. ಅಭ್ರಕದ ಊರು, ನಮ್ಮ ಮಾತಿನಲ್ಲಿ ಹೇಳುವುದಾದರೆ ಕಾಗೆಬಂಗಾರದ ಊರು. ಗಣಿ ನಡೆದು ದುಡ್ಡು ಓಡಾಡುತ್ತಿದ್ದ ಕಾಲ ಅದು. ಹತ್ತಿರದಲ್ಲೇ ಬರಾಕರ್ ನದಿಗೆ ಕಟ್ಟಿದ ತಲೈಯಾ ಅಣೆಕಟ್ಟು 1953ರಲ್ಲಿ ಶುರುವಾಯಿತು. ಅದು ದಾಮೋದರ ಕಣಿವೆ ನಿಗಮದ ಮೊಟ್ಟಮೊದಲ ಅಣೆಕಟ್ಟು. ಆದರೆ ಊರಿನ ಹೆಸರನ್ನು ದೇಶಕ್ಕೆ ಮುಟ್ಟಿಸಿದ್ದು ಅಣೆಕಟ್ಟೂ ಅಲ್ಲ, ಅಭ್ರಕವೂ ಅಲ್ಲ, ಪೋಸ್ಟ್ ಕಾರ್ಡು.

ಅಭ್ರಕದ ವ್ಯಾಪಾರಿಯಿಂದ ಹಿಡಿದು ಸಣ್ಣ ಅಂಗಡಿಯವನ ತನಕ ಅಲ್ಲಿ ಕಾರ್ಡು ಬರೆಯುವವರೇ. ಯಾರ ಹೆಸರು ಹೆಚ್ಚು ಸಲ ಬರುತ್ತದೆ ಎಂಬುದರ ಮೇಲೆ ಪೈಪೋಟಿ. ಇದು ಯಾವ ಮಟ್ಟಕ್ಕೆ ಹೋಗಿತ್ತೆಂದರೆ, ತನ್ನ ಕಾರ್ಡು ಮೊದಲು ಮುಟ್ಟಲಿ ಅಂತ ಟೆಲಿಗ್ರಾಂ ಕೊಟ್ಟವರ ಕಥೆ ಇದೆ. ಎದುರಾಳಿಯ ಕಾರ್ಡು ಊರು ಬಿಡದ ಹಾಗೆ ಅಂಚೆಯವರ ಕೈ ಬಿಸಿ ಮಾಡಿದವರ ಕಥೆಯೂ ಇದೆ. ಕಥೆಯಲ್ಲಿ ನಿಜವೆಷ್ಟು, ಒಗ್ಗರಣೆ ಎಷ್ಟು ಅನ್ನೋದು ಬೇರೆ ಮಾತು. ಇಂಥ ಕಥೆ ಹುಟ್ಟಬೇಕಾದರೆ ಪೈಪೋಟಿ ಇರಲೇಬೇಕು.

ಆಮೇಲೆ ಏನಾಯಿತು? ಅಭ್ರಕಕ್ಕೆ ಬದಲಿ ವಸ್ತು ಬಂತು, 1980ರ ಅರಣ್ಯ ಕಾಯ್ದೆ ಬಂತು, ಸೋವಿಯತ್ ರಷ್ಯಾದ ಖರೀದಿ ನಿಂತಿತು. ಗಣಿಗಳ ವೈಭವ ಇಳಿಯಿತು. ಕಾಗೆಬಂಗಾರದ ದುಡ್ಡು ಹೋಯಿತು, ಕಾರ್ಡಿನಿಂದ ಬಂದ ಹೆಸರು ಮಾತ್ರ ಉಳಿಯಿತು.

ಈ ಸಾಲಿನಲ್ಲಿ ಇನ್ನೂ ಊರುಗಳಿವೆ. ಈಗಿನ ಛತ್ತೀಸಗಢದ ಭಾಟಾಪಾರಾ, ರಾಜನಾಂದಗಾಂವ್ ಕೂಡ ಕೋರಿಕೆ ಪತ್ರದಿಂದಲೇ ಹೆಸರಾದವು. ಅಲ್ಲಿನ ಕೇಳುಗರ ಸಂಘಗಳು ಆಗಸ್ಟ್ 20ನೇ ತಾರೀಖನ್ನು 'ಶ್ರೋತಾ ದಿವಸ' ಅಂತ ಆಚರಿಸುತ್ತವೆ. ಹಾಡಿದವರ ಹಬ್ಬ ಅಲ್ಲ, ನಟರ ಹಬ್ಬ ಅಲ್ಲ, ಕೇಳಿದವರ ಹಬ್ಬ! ದೂರದೂರದ ಊರಿನಿಂದ ಬಂದು ಸೇರುತ್ತಾರೆ. ಬರೀ ಹೆಸರು ಕೇಳಿ ಗೊತ್ತಿದ್ದವರು ಮುಖ ನೋಡುತ್ತಾರೆ. "ಓ, ನೀವೇನಾ ಅವರು!" ಅನ್ನುತ್ತಾರೆ. ಶಾಲು ಹೊದಿಸುವ ಸಂತೋಷದ ಅರ್ಧ ಭಾಗ ಈ ಒಂದು ಮಾತಿನಲ್ಲಿದೆ.

ನಮ್ಮ ಕಡೆಯ ಹಕ್ಕು

ಇದೆಲ್ಲ ಉತ್ತರದವರ ಸಡಗರ, ನಮಗೇನು ಅನ್ನುವ ಹಾಗಿಲ್ಲ. 'ಆಕಾಶವಾಣಿ' ಅನ್ನುವ ಮಾತೇ ಮೈಸೂರಿನದು. 1935ರಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಪ್ರಸಾರ ಕೇಂದ್ರ ತೆರೆದರು. ಅದರ ಹೆಸರೇ ಮುಂದೆ ಇಡೀ ದೇಶದ ರೇಡಿಯೋಕ್ಕೆ ಬಂತು. 2023ರಲ್ಲಿ 'ಆಲ್ ಇಂಡಿಯಾ ರೇಡಿಯೋ' ಎಂಬ ಇಂಗ್ಲಿಷ್ ಹೆಸರನ್ನು ಪೂರ್ತಿ ಬಿಟ್ಟು 'ಆಕಾಶವಾಣಿ' ಒಂದೇ ಸಾಕು ಅಂತ ತೀರ್ಮಾನವೂ ಆಯಿತು.

1950ರಲ್ಲಿ ಧಾರವಾಡ, 1955ರಲ್ಲಿ ಬೆಂಗಳೂರು, 1965ರಲ್ಲಿ ಭದ್ರಾವತಿ, 1966ರಲ್ಲಿ ಗುಲ್ಬರ್ಗ, 1976ರಲ್ಲಿ ಮಂಗಳೂರು. ಆಮೇಲೆ ಹಾಸನ, ಚಿತ್ರದುರ್ಗ, ಹೊಸಪೇಟೆ, ರಾಯಚೂರು, ಕಾರವಾರ, ಮಡಿಕೇರಿ. ಸ್ಟೇಷನ್ ಬಂದ ಕಡೆಯೆಲ್ಲ ಕೋರಿಕೆ ಬಂತು, ಕೋರಿಕೆ ಬಂದ ಕಡೆಯೆಲ್ಲ ಕೇಳುಗರ ಬಳಗ ಬಂತು. ಪತ್ರಕ್ಕೆ ಉತ್ತರ ಕೊಡುವ 'ಪತ್ರೋತ್ತರ'ದಂಥ ಕಾರ್ಯಕ್ರಮಗಳೂ ಬಂದವು. ಆ ಹತ್ತಿಪ್ಪತ್ತು ನಿಮಿಷದಲ್ಲಿ ಹಾಡು ಕೇಳಿದವರಷ್ಟೇ ಅಲ್ಲ, ತಪ್ಪು ಹಿಡಿದವರೂ ಮಾತಾಡಿದರು. ನಾಟಕದ ಉಚ್ಚಾರ ಸರಿಯಿಲ್ಲ, ಕೃಷಿರಂಗದಲ್ಲಿ ಹೇಳಿದ ಗೊಬ್ಬರದ ಲೆಕ್ಕ ನಮ್ಮ ಮಣ್ಣಿಗೆ ಹೊಂದುವುದಿಲ್ಲ, ನಿನ್ನೆ ಸಂಜೆ ಪ್ರಸಾರ ಕೇಳಿಸಲೇ ಇಲ್ಲ. ಹೀಗೆ.

ಇನ್ನೊಂದು ಮಾತು. ದಿನಕ್ಕೆ ಒಂದೇ ಬಸ್ಸು ಹೋಗುವ ಹಳ್ಳಿಗಳ ಹೆಸರು ಸರ್ಕಾರಿ ಯಂತ್ರದ ಬಾಯಲ್ಲಿ ಬರುತ್ತಿದ್ದದ್ದು ಎರಡೇ ಸಂದರ್ಭದಲ್ಲಿ. ಒಂದು, ಬರ ಅಥವಾ ನೆರೆ ಬಂದಾಗ. ಇನ್ನೊಂದು, ಕೋರಿಕೆ ಹಾಡಿನಲ್ಲಿ. ಸಂತೋಷದ ಹೊತ್ತಿನಲ್ಲಿ ತಮ್ಮೂರ ಹೆಸರು ಕೇಳಿಸಿಕೊಂಡ ಜನ ಅದನ್ನು ಮರೆಯುವುದಿಲ್ಲ.

ತಕರಾರೂ ಇದೆ

ಬರೀ ಹೊಗಳಿದರೆ ಬರಹ ಶಾಲು ಹೊದಿಸುವ ಭಾಷಣವಾಗುತ್ತದೆ. ತಕರಾರುಗಳನ್ನೂ ಹೇಳಬೇಕು.

ಮೊದಲನೆಯದು ಮನೆಯವರದು. "ಮಗನ ಫೀಸಿಗೆ ದುಡ್ಡಿಲ್ಲ, ಕಾರ್ಡಿಗೆ ಮಾತ್ರ ಇದೆ" ಎಂಬ ಮಾತು ಅನೇಕ ಮನೆಗಳಲ್ಲಿ ಬಿದ್ದದ್ದೇ. ಕೆಲವರ ವಿಷಯದಲ್ಲಿ ಆ ಮಾತು ನ್ಯಾಯವೂ ಹೌದು. ದಿನಕ್ಕೆ ಹತ್ತಿಪ್ಪತ್ತು ಕಾರ್ಡು ಗೀಚುವವನನ್ನು ಅಭಿಮಾನಿ ಅನ್ನುವುದಕ್ಕಿಂತ ಚಟಗಾರ ಅನ್ನಬೇಕು.

ಎರಡನೆಯದು ಸಂಖ್ಯೆಯದು. ಸಂಖ್ಯೆಗೆ ಮರ್ಯಾದೆ ಶುರುವಾದ ಕೂಡಲೇ ಸಂಖ್ಯೆ ಹೆಚ್ಚಿಸುವ ದಾರಿಗಳೂ ಶುರುವಾಗುತ್ತವೆ. ಹೆಸರು ವಿಳಾಸ ಅಚ್ಚು ಹಾಕಿಸಿದ ಕಾರ್ಡು, ಒಬ್ಬನೇ ಬರೆದು ನಾಲ್ಕು ಹೆಸರಿನಲ್ಲಿ ಹಾಕುವುದು, ಇಲ್ಲದ ಬಳಗಕ್ಕೆ ಬೋರ್ಡು. ಟೀವಿ ಬಂದ ಮೇಲೆ ಇದರ ಪೂರ್ಣ ರೂಪ ಕಂಡಿತು. 1990ರ ದಶಕದಲ್ಲಿ ದೂರದರ್ಶನದ 'ಸುರಭಿ' ಕಾರ್ಯಕ್ರಮದ ಪ್ರಶ್ನೆಗೆ ಒಂದು ವಾರ 14 ಲಕ್ಷ ಪತ್ರ ಬಂತೆಂದು ದಾಖಲೆ. ಬಡವರ ಕಾರ್ಡಿಗೆ ಸರ್ಕಾರ ನಷ್ಟ ಹೊತ್ತು ಅಗ್ಗದ ಬೆಲೆ ಇಟ್ಟಿದ್ದರೆ, ಅದು ಬಹುಮಾನದ ಆಸೆಗೆ ಮೂಟೆ ಮೂಟೆ ಖರ್ಚಾಗತೊಡಗಿತು. ಅಂಚೆ ಇಲಾಖೆ ಕೊನೆಗೆ ಸ್ಪರ್ಧೆಗೆಂದೇ ಬೇರೆ, ದುಬಾರಿ ಕಾರ್ಡು ತಂದಿತು. ತಪ್ಪು ಇಲಾಖೆಯದಲ್ಲ.

ಮೂರನೆಯದು ಆಯ್ಕೆಯದು. ಯಾರ ಕಾರ್ಡು ಓದಬೇಕು, ಯಾರದ್ದು ಬಿಡಬೇಕು? ನೂರು ಕಾರ್ಡು ಹಾಕಿ ಒಂದು ಸಲವೂ ಹೆಸರು ಬರದವರೂ ಇರುತ್ತಾರೆ. ಬಂದವರ ಹೆಸರೇ ಮತ್ತೆ ಮತ್ತೆ ಬಂದರೆ ಹೊಟ್ಟೆ ಉರಿಯದೆ ಇದ್ದೀತೇ?

ಈ ಮೂರೂ ಸರಿ. ಆದರೆ ಈ ಮೂರರಿಂದಲೂ ಸಾವಿರದ ಕಾರ್ಡಿನ ಬೆಲೆ ಕಮ್ಮಿಯಾಗುವುದಿಲ್ಲ. ಬಹುಮಾನಕ್ಕೆ ಬರೆದವನು ಬಹುಮಾನ ನಿಂತ ದಿನ ಬರೆಯುವುದು ನಿಲ್ಲಿಸುತ್ತಾನೆ. ಹಠಕ್ಕೆ ಬರೆದವನು ಎದುರಾಳಿ ಸೋತ ದಿನ ನಿಲ್ಲಿಸುತ್ತಾನೆ. ಹತ್ತಿಪ್ಪತ್ತು ವರ್ಷ ನಿಲ್ಲದೆ ಬರೆದವನು ಯಾಕೆ ಬರೆದ?

ರೇಡಿಯೋದಲ್ಲಿ ಮಾತಾಡುವವರಿಗೆ ಎದುರಿಗೆ ಇರುವುದು ಒಂದು ಮೈಕು, ನಾಲ್ಕು ಗೋಡೆ. ನಾಟಕದವರಿಗೆ ಚಪ್ಪಾಳೆ ಕೇಳುತ್ತದೆ. ಅಂಗಡಿಯವರಿಗೆ ಗಿರಾಕಿ ಕಾಣುತ್ತಾನೆ. ಕಂಡಕ್ಟರಿಗೆ ಸೀಟು ತುಂಬಿದ್ದು ಗೊತ್ತಾಗುತ್ತದೆ. ರೇಡಿಯೋದವರಿಗೆ ಮಾತ್ರ ಏನೂ ಕಾಣುವುದಿಲ್ಲ. ಕೇಳುವವರು ಲಕ್ಷ ಜನವೋ, ಒಬ್ಬರೂ ಇಲ್ಲವೋ! ಇದಕ್ಕೆ ಉತ್ತರವಾಗಿ ಬರುತ್ತಿದ್ದದ್ದು ಆ ಕಾರ್ಡು ಒಂದೇ. "ನೀವು ಹೇಳಿದ್ದು ಇಲ್ಲಿಗೆ ಮುಟ್ಟಿತು" ಅನ್ನುವುದೇ ಅದರ ಒಟ್ಟು ಸಾರಾಂಶ. ಹಾಡಿನ ಹೆಸರು ಒಂದು ನೆಪ. ಸಾವಿರ ಕಾರ್ಡು ಬರೆದವನು ಸಾವಿರ ಸಲ ಹಾಜರಿ ಹಾಕಿದವನು.

ಮಾಡಬೇಕಾದ್ದು

ಈಗ ಕಾರ್ಡಿನ ಮೂಟೆ ಬರುವುದಿಲ್ಲ. ಫೋನು ಬಂತು, ಎಸ್ಸೆಮ್ಮೆಸ್ ಬಂತು, ವಾಟ್ಸಾಪ್ ಬಂತು. ಬೆಳಿಗ್ಗೆ ಕೇಳಿದ ಹಾಡು ಬೆಳಿಗ್ಗೆಯೇ ಬರುತ್ತದೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಫೋನಿನಲ್ಲಿ ಆಡಿದ ಮಾತು ಅಲ್ಲೇ ಕರಗುತ್ತದೆ, ಕಾರ್ಡಿನ ಹಾಗೆ ಪೆಟ್ಟಿಗೆಯಲ್ಲಿ ಉಳಿಯುವುದಿಲ್ಲ. ರೇಡಿಯೋವೂ ಕುಗ್ಗುತ್ತಿದೆ. ಆಕಾಶವಾಣಿಯ ರಾಷ್ಟ್ರೀಯ ವಾಹಿನಿ 2019ರ ಆರಂಭದಲ್ಲಿ ಬಾಗಿಲು ಹಾಕಿತು. ರೇಡಿಯೋ ಸಿಲೋನಿನಲ್ಲಿ ಮಾತಾಡಿದ ಅಮೀನ್ ಸಯಾನಿ 2024ರ ಫೆಬ್ರುವರಿ 20ರಂದು ತಮ್ಮ 91ನೇ ವಯಸ್ಸಿನಲ್ಲಿ ತೀರಿಕೊಂಡರು. ಮಾತಾಡಿದವರಿಗೆ ಪತ್ರಿಕೆಗಳು ಪುಟ ಮೀಸಲಿಟ್ಟವು. ಅದು ಆಗಬೇಕಾದದ್ದೇ. ಅವರ ಮಾತು ಕೇಳಿ ಕಾರ್ಡು ಬರೆದವರೂ ಒಬ್ಬೊಬ್ಬರೇ ಹೋಗುತ್ತಿದ್ದಾರೆ. ಅವರಿಗೆ ಎರಡು ಸಾಲೂ ಇಲ್ಲ.

ಆದ್ದರಿಂದ ಕೇಳುಗರ ಬಳಗದವರಿಗೆ ಮೂರು ಮಾತು.

ಒಂದು, ಶಾಲು ಹೊದಿಸುವುದಾದರೆ ಬೇಗ ಹೊದಿಸಿ. ಸಾವಿರದ ಲೆಕ್ಕ ತುಂಬಲಿ ಅಂತ ಕಾಯಬೇಡಿ, ಐನೂರಕ್ಕೇ ಮಾಡಿ. ಈ ಜನರಲ್ಲಿ ಅನೇಕರಿಗೆ ಎಪ್ಪತ್ತು ದಾಟಿದೆ. ಸಭೆಯನ್ನು ಸಂಜೆ ಐದಕ್ಕೇ ಇಟ್ಟುಕೊಂಡರೆ ಹಳ್ಳಿಯಿಂದ ಬಂದವರಿಗೆ ಕೊನೇ ಬಸ್ಸು ತಪ್ಪುವುದಿಲ್ಲ. ಉದ್ಘಾಟನೆಗೆ ದೊಡ್ಡವರನ್ನು ಕಾಯುತ್ತಾ ಕೂತರೆ ಭಾಷಣ ಅವರದ್ದು, ಬಸ್ಸು ತಪ್ಪಿದ ಕಷ್ಟ ಇವರದ್ದು.

ಎರಡು, ಲೆಕ್ಕದ ಪುಸ್ತಕ ಉಳಿಸಿ. ಅನೇಕ ಕೇಳುಗರು ಯಾವ ತಾರೀಖು ಯಾವ ಹಾಡಿಗೆ ಬರೆದದ್ದು, ಹೆಸರು ಬಂತೋ ಇಲ್ಲವೋ ಅಂತ ನೋಟು ಪುಸ್ತಕದಲ್ಲಿ ಗುರುತು ಹಾಕಿರುತ್ತಾರೆ. ಸ್ಟೇಷನ್ನಿನಿಂದ ಬಂದ ಉತ್ತರಗಳನ್ನು ತಂತಿಗೆ ಪೋಣಿಸಿ ಇಟ್ಟಿರುತ್ತಾರೆ. ಯಜಮಾನರು ಹೋದ ಮೇಲೆ ಮಕ್ಕಳು ಅದನ್ನು ರದ್ದಿಗೆ ಹಾಕುತ್ತಾರೆ, ಕೇಜಿಗೆ ಇಷ್ಟು ಅಂತ. ಹಾಗೆ ಹೋಗುವುದು ಬರೀ ಕಾಗದವಲ್ಲ. ಯಾವ ಊರಿನವರು ಯಾವ ವರ್ಷ ಏನನ್ನು ಕೇಳಿ ಸಂತೋಷಪಟ್ಟರು ಎಂಬುದರ ದಾಖಲೆ ಅದು. ತಾಲ್ಲೂಕಿನ ಲೈಬ್ರರಿಯಲ್ಲಿ ಒಂದು ಬೀರು ಇದಕ್ಕೆ ಕೊಡಿಸಿದರೆ ಗಂಟೇನೂ ಹೋಗುವುದಿಲ್ಲ.

ಮೂರು, ಬರೀ ಸಂಖ್ಯೆ ನೋಡಬೇಡಿ. ತನ್ನ ಹೆಸರು ಬಿಟ್ಟು ಆಸ್ಪತ್ರೆಯಲ್ಲಿದ್ದ ನೆರೆಯವನ ಹೆಸರಿಗೆ ಹಾಡು ಕೇಳಿದವನ ಒಂದು ಕಾರ್ಡು, ಅಚ್ಚು ಹಾಕಿಸಿದ ಐನೂರಕ್ಕೆ ಸಮ. ಓದಲು ಬಾರದ ಅಜ್ಜಿ ಹೇಳಿ ಬರೆಸಿದ ಕಾರ್ಡಿಗೂ ಒಂದು ಹಾರ ಇರಲಿ. ಕಾರ್ಯಕ್ರಮ ನಿಲ್ಲಿಸಿದಾಗ "ಯಾಕೆ ನಿಲ್ಲಿಸಿದಿರಿ?" ಅಂತ ಧೈರ್ಯವಾಗಿ ಬರೆದವನಿಗೆ ಎರಡು ಇರಲಿ.

ಇನ್ನು ನಗುವವರಿಗೆ ಒಂದೇ ಮಾತು. ಮುಂದಿನ ಸಲ ಯಾವುದಾದರೂ ಸಣ್ಣ ಹಾಲಿನಲ್ಲಿ ಮೂವತ್ತು ಕುರ್ಚಿ ಹಾಕಿ, ಬಿಳಿಗೂದಲಿನ ಒಬ್ಬ ಮನುಷ್ಯನಿಗೆ ಹಾರ ಹಾಕಿ, "ಇವರು ಆಕಾಶವಾಣಿಗೆ ಸಾವಿರ ಪತ್ರ ಬರೆದವರು" ಅಂತ ಹೇಳುವುದು ಕಿವಿಗೆ ಬಿದ್ದರೆ, ಒಳಗೆ ಹೋಗಿ ಒಂದು ಕುರ್ಚಿ ಹಿಡಿಯಿರಿ. ಖರ್ಚೇನಿಲ್ಲ, ಕಾಫಿ ಬಳಗದವರೇ ಕೊಡುತ್ತಾರೆ. ಊರು ಮರೆತ ಊರ ಹೆಸರನ್ನು ಸಾವಿರ ಸಲ ಬರೆದು ಡಬ್ಬಕ್ಕೆ ಹಾಕಿದವರಿಗೆ ಊರು ಕೊಡಬಹುದಾದ್ದು ಅಷ್ಟೇ, ಒಂದು ಸಂಜೆಯ ಹಾಜರಿ.